ಕೋರ್ಟು ಕಟ್ಟಿದವರ ಟವೆಲ್

ಹೊಸ ಟವೆಲ್ಲಿನ ಗಂಜಿ ವಾಸನೆ ಮೂಗಿಗೆ ಬಂದರೆ ನನಗೆ ಈಗಲೂ ನಮ್ಮೂರ ಕೋರ್ಟಿನ ಗೇಟು ನೆನಪಾಗುತ್ತದೆ.

ಅಬ್ಬಾ ಗೌಂಡಿ ಕೆಲಸದವರು. ಆ ಕೋರ್ಟಿನ ಕಲ್ಲುಗೋಡೆ, ದೊಡ್ಡ ಬಾಗಿಲ ಚೌಕಟ್ಟು ಅವರ ಕೈಯವೇ. ನಮ್ಮ ಕಡೆ ಗೃಹಪ್ರವೇಶದ ದಿನ ಮನೆಯ ಯಜಮಾನ ಗೌಂಡಿಯನ್ನು ಹೊಸ ಬಾಗಿಲ ಮುಂದೆ ನಿಲ್ಲಿಸಿ ಹೆಗಲಿಗೆ ಟವೆಲ್ ಹೊದಿಸುವುದು ವಾಡಿಕೆ. ಬೇವೂರು, ಇರಕಲ್ಲಗಡದ ಮನೆಗಳಿಂದ ಹಾಗೆ ಬಂದ ಟವೆಲ್ಲುಗಳಲ್ಲೇ ಅಮ್ಮಿ ಬುತ್ತಿ ಕಟ್ಟುತ್ತಿದ್ದಳು.

"ಕೋರ್ಟಿಗೆ ಯಜಮಾನ್ರು ಯಾರ್ರಿ?" ಎಂದು ಅಬ್ಬಾ ಇಂಜಿನಿಯರನ್ನು ಕೇಳಿದ್ದರಂತೆ.

"ಸರ್ಕಾರದ್ದಂದ್ರ ಎಲ್ಲಾರದ್ದೂನಪ. ನೀನೂ ಯಜಮಾನನ."

ಅಮ್ಮಿ ಅದನ್ನೇ ಹಿಡಿದಳು. "ಹಂಗಾರ ನಾನೂ ಯಜಮಾನ್ತಿ. ಟವೆಲ್ ನಾನ ಹೊದಸ್ತೀನಿ" ಎಂದು ನಕ್ಕು, ಸಂತೆಯಲ್ಲಿ ಕೆಂಪಂಚಿನ ಟವೆಲ್ ಕೊಂಡಳು.

ಉದ್ಘಾಟನೆಯ ಮಧ್ಯಾಹ್ನ ಮೂವರೂ ಹೋದೆವು. ಅಬ್ಬಾ ಬಿಳಿ ಅಂಗಿ ತೊಟ್ಟಿದ್ದರು. ಉಗುರಿನ ಸಂದಿಯ ಸಿಮೆಂಟು ಮಾತ್ರ ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಗೇಟಿನಲ್ಲಿ ಪೊಲೀಸಿನವನು ಲಾಠಿ ಅಡ್ಡ ಹಿಡಿದ.

"ಕೇಸ್ ಐತೇನು ನಿಂದು?"

"ಇಲ್ರಿ. ಆ ಬಾಗ್ಲಾ ನಾನ ನಿಲ್ಲಿಸೀನ್ರಿ."

"ನಿಲ್ಲಿಸಿದ್ದು ಮುಗೀತಲ್ಲ? ಕೇಸ್ ಮಾಡ್ಕೊಂಡು ಬಾ, ಒಳಗ ಬಿಡ್ತೀವಿ."

ಒಳಗೆ, ಅದೇ ಬಾಗಿಲ ಮುಂದೆ, ಗುತ್ತಿಗೆದಾರನಿಗೆ ಶಾಲು ಹೊದಿಸುತ್ತಿದ್ದರು. ಅಮ್ಮಿ ಸೆರಗಿನೊಳಗಿಂದ ಟವೆಲ್ ತೆಗೆದಳು. ಅಬ್ಬಾ ಅವಳ ಕೈ ಹಿಡಿದರು.

"ಇಲ್ಲಿ ಬ್ಯಾಡ. ಬಿಸಲು ಭಾಳ ಐತಿ, ಕೂಸಿನ ತಲಿಗೆ ಹಾಕು."

ಬಿರುಸಾದ ಆ ಟವೆಲ್ ನನ್ನ ಕಣ್ಣಿನವರೆಗೂ ಇಳಿಯಿತು. ಮನೆ ಮುಟ್ಟುವವರೆಗೆ ಅಬ್ಬಾನ ಮುಖ ನನಗೆ ಕಾಣಲಿಲ್ಲ. ಹಿಂದಿನಿಂದ ಚಪ್ಪಾಳೆ ಮಾತ್ರ ಕೇಳಿಸುತ್ತಿತ್ತು.