ಬಟ್ಟಲಲ್ಲಿ ಉಳಿದ ಅರಿಸಿನ

"ಬಟ್ಟಲದಾಗ ಉಳದದ್ದು ನೀ ಹಚ್ಕೋ, ಇಂದೂ," ಎಂದರು ಕೃಷ್ಣಾಬಾಯಿ, ಹಳೆಯ ರೂಢಿಯಂತೆ. ಶುಕ್ರವಾರದ ಸ್ನಾನಕ್ಕೆ ಮುಂಚೆ ಮಗಳು ಅವರ ಸುಕ್ಕುಬಿದ್ದ ಗಲ್ಲಕ್ಕೆ ಕೆನೆಯಲ್ಲಿ ಕಲಸಿದ ಅರಿಸಿನ ಹಚ್ಚುತ್ತಿದ್ದಳು.

ಇಂದೂಳ ಬೆರಳು ಗಲ್ಲದ ಮೇಲೇ ನಿಂತಿತು. ಕೃಷ್ಣಾಬಾಯಿ ಅವಳ ಬೋಳು ಹಣೆ ನೋಡಿ ನಾಲಿಗೆ ಕಚ್ಚಿಕೊಂಡರು. ಗಂಡ ತೀರಿಹೋಗಿ ಅವಳು ಪುಣೆಯ ಈ ತವರಿನ ವಾಡೆಗೆ ಮರಳಿದ ದಿನವೇ, ಇನ್ನು ಅರಿಸಿನ ಹಚ್ಚಿಕೊಳ್ಳಬಾರದೆಂದು ಹೇಳಿದವರು ಅವರೇ.

"ನನ್ನ ಗಲ್ಲ ಇನ್ನೂ ಸುಕ್ಕು ಬಿದ್ದಿಲ್ಲವ್ವಾ. ನನಗಿನ್ನೂ ಇಪ್ಪತ್ತೊಂದ ವರ್ಷ," ಎಂದು ಇಂದೂ ಉಳಿದದ್ದನ್ನೂ ತಾಯಿಯ ಕುತ್ತಿಗೆಗೆ ಸವರಿದಳು. ಆಮೇಲೆ ಬಚ್ಚಲಲ್ಲಿ ಕೂತು ಹಳದಿಯಾದ ಅಂಗೈಗಳನ್ನು ಬೂದಿ ಹಾಕಿ ತಿಕ್ಕಿದಳು, ಕೆಂಪಾಗುವವರೆಗೆ.

"ಎಲ್ಲಾ ಹೋಗೇದೇನ ನೋಡವ್ವಾ," ಎಂದು ಎರಡೂ ಕೈ ಮುಂದೆ ಚಾಚಿದಳು.

ಕೃಷ್ಣಾಬಾಯಿಗೆ ಅರಿಸಿನ ಮೆತ್ತಿದ ಮುಖವನ್ನು ಎತ್ತಲಾಗಲಿಲ್ಲ.