ಬಾಲಮ್ಮನ ಚಾರ್‌ಮಿನಾರ್ ರೂಪಾಯಿ

"ಪೈಂತೀಸ್" ಎಂದು ಹಿಂದಿಯಲ್ಲಿ ಮೂವತ್ತೈದು ಕೂಗಿದಳು ಬಾಲಮ್ಮ. ಡೊಂಬಿವಲಿಯ ಶಾಲೆಯ ಹಾಲ್‌ನಲ್ಲಿ ಕುಳಿತಿದ್ದ ಗಂಡಸರೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿದರು. ಎಂಬತ್ತರ ದಶಕದ ಆ ದಿನಗಳಲ್ಲಿ ಹಳೆಯ ನಾಣ್ಯಗಳ ಹರಾಜಿಗೆ ಅಲ್ಲಿ ಹೆಂಗಸರು ಬಂದದ್ದೇ ಇರಲಿಲ್ಲ. ಈಕೆಯಾದರೋ ಸೀರೆಯಂಚಿನ ಸಿಮೆಂಟು ಕಲೆ ಸಮೇತ ಬಂದು ಕೊನೆಯ ಬೆಂಚಿನ ಪಕ್ಕ ನಿಂತೇ ಇದ್ದಳು.

ಮೇಜಿನ ಹಿಂದೆ ಹರಾಜು ಕೂಗುತ್ತಿದ್ದವನು ಜಯಶೀಲ, ಉಡುಪಿ ಕಡೆಯ ಬ್ಯಾಂಕ್ ಗುಮಾಸ್ತ. ಅವನ ಕೈಯಲ್ಲಿದ್ದದ್ದು ನಿಜಾಮರ ಕಾಲದ, ಚಾರ್‌ಮಿನಾರ್ ಅಚ್ಚಿನ ಬೆಳ್ಳಿ ರೂಪಾಯಿ. ಹೋದ ಮಳೆಗಾಲದವರೆಗೂ ಅದು ಬಾಲಮ್ಮನ ಕೊರಳಲ್ಲಿತ್ತು. ವಿಠ್ಠಲವಾಡಿಯ ಜೋಪಡಿಯ ತಗಡು ಗಾಳಿಗೆ ಹಾರಿಹೋದಾಗ ಅದನ್ನು ಕಲ್ಯಾಣದ ಬೆಳ್ಳಿ ಅಂಗಡಿಗೆ ಮಾರಿದ್ದಳು. ವಾಶಿಯ ಹೊಸ ಕಟ್ಟಡಗಳಲ್ಲಿ ಗಾರೆ ಹೊತ್ತು ಎಪ್ಪತ್ತೈದು ರೂಪಾಯಿ ಕೂಡಿಸಿಕೊಂಡು ಮರಳಿ ಕೊಳ್ಳಲು ಹೋದರೆ, ಅದು ನಾಣ್ಯ ಸಂಗ್ರಹಿಸುವವರ ಪಾಲಾಗಿತ್ತು. ಭಾನುವಾರದ ಹರಾಜಿನ ಸುದ್ದಿ ಹೇಳಿದವನು ಆ ಅಂಗಡಿಯವನೇ.

ಮುಂದಿನ ಸಾಲಿನಲ್ಲಿ ಭೂತಗನ್ನಡಿ ಹಿಡಿದು ಕುಳಿತಿದ್ದ ಠಾಣೆಯ ವಕೀಲರು ಐವತ್ತು ಅಂದರು. ಬಾಲಮ್ಮ ಐವತ್ತೈದು ಅಂದಳು. ವಕೀಲರು ಎಪ್ಪತ್ತು. ಬಾಲಮ್ಮ ಸೊಂಟದ ಚೀಲವನ್ನು ಬಿಗಿಯಾಗಿ ಹಿಡಿದು ಎಪ್ಪತ್ತೈದು ಅಂದಳು.

ವಕೀಲರ ಬೆರಳು ಮತ್ತೆ ಅರ್ಧ ಎದ್ದಿತು. ಲೋಕಲ್ ರೈಲು ತಡವಾಗಿ ಬಂದದ್ದರಿಂದ ಅವರು ನಾಣ್ಯವನ್ನು ಮೊದಲೇ ನೋಡಿರಲಿಲ್ಲ. ಒಮ್ಮೆ ತರಿಸಿಕೊಂಡು ಭೂತಗನ್ನಡಿ ಹಿಡಿದರು. ಅಂಚಿನಲ್ಲಿ ಕೊಂಡಿ ಕಿತ್ತ ಜಾಗದಲ್ಲಿ ಬೆಸುಗೆಯ ಗುರುತು ಕಂಡಿತು. "ಕೊರಳಿಗೆ ಹಾಕಿದ ಮಾಲು. ನನಗೆ ಬೇಡ" ಎಂದು ಹಿಂದಿಯಲ್ಲಿ ಹೇಳಿ ನಾಣ್ಯವನ್ನು ತಟ್ಟೆಗೆ ಹಾಕಿಬಿಟ್ಟರು.

"ಎಂಬತ್ತು" ಎಂದಳು ಬಾಲಮ್ಮ.

ಹಾಲ್ ತುಂಬ ನಗು. ಜಯಶೀಲನಿಗೂ ತಡೆಯಲಾಗಲಿಲ್ಲ. ಅವಳ ಹಿಂದಿ ಕೇಳಿದಾಗಲೇ ಅವಳು ಕನ್ನಡದವಳು ಎಂಬುದು ಅವನಿಗೆ ಗೊತ್ತಾಗಿತ್ತು. "ಅಮ್ಮಾ, ಎಪ್ಪತ್ತೈದು ನಿಮ್ಮದೇ ಅಲ್ವಾ? ನಿಮ್ಮ ಮೇಲೆ ನೀವೇ ಏರಿಸುದಾ ಮಾರಾಯ್ರೆ?"

ಕನ್ನಡ ಕಿವಿಗೆ ಬಿದ್ದದ್ದೇ ಬಾಲಮ್ಮನಿಗೆ ಜೀವ ಬಂದಂತಾಯಿತು. "ಅವ್ರು ನನ್ನ ರೂಪಾಯಿಗೆ ಹೆಸರಿಟ್ಟು ಬ್ಯಾಡ ಅಂದ್ರಲ್ರಿ ಸಾಹೇಬ್ರ. ನಮ್ಮವ್ವ ಲಿಂಗಸೂಗೂರಿನಾಗ ಅಕ್ಕಸಾಲಿ ಮುಂದ ಕುಂತು ಹಾಕಿಸಿದ ಬೆಸಿಗಿ ಅದು."

"ಎಂಬತ್ತು ಉಂಟಾ ನಿಮ್ಮ ಹತ್ರ?"

"ಇಲ್ರಿ. ಎಪ್ಪತ್ತೈದೇ ಅದ."

ಜಯಶೀಲ ಅದನ್ನು ಹಿಂದಿಯಲ್ಲಿ ಹೇಳಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ವಕೀಲರೇ. ಜಯಶೀಲ ಎಪ್ಪತ್ತೈದನ್ನೇ ಮೂರು ಸಲ ಕೂಗಿ ಮೇಜು ಕುಟ್ಟಿದ. ವಕೀಲರು ತಟ್ಟೆ ಎತ್ತಿಕೊಂಡು ತಾವೇ ಕೊನೆಯ ಬೆಂಚಿನವರೆಗೆ ನಡೆದು ಬಂದು ಅವಳ ಮುಂದೆ ಹಿಡಿದರು. ಬಾಲಮ್ಮ ರೂಪಾಯಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ಸೇರಿಕೊಂಡರು.

ದುಡ್ಡು ಕೊಡಲು ಮೇಜಿನ ಹತ್ತಿರ ಬಂದಾಗ ಜಯಶೀಲ ಒಂದು ಸಣ್ಣ ಪ್ಲಾಸ್ಟಿಕ್ ಚೀಲ ಮುಂದೆ ಚಾಚಿದ. "ಇದರೊಳಗೆ ಇಡಿ. ಬರಿಗೈಯಲ್ಲಿ ಮುಟ್ಟಬಾರದು. ಬೆವರು ತಾಗಿದ್ರೆ ಕಪ್ಪಾಗ್ತದೆ."

"ಕೊಳ್ಳಾಗ ಹಾಕ್ಕೊಂಡು ದುಡದ್ರ ತಾನ ಹೊಳೀತದ್ರಿ" ಎಂದಳು ಬಾಲಮ್ಮ. ಇವತ್ತೇ ಕಲ್ಯಾಣದ ಆ ಅಂಗಡಿಯಲ್ಲಿ ಸಾಲ ಹೇಳಿ ಹೊಸ ಕೊಂಡಿ ಹಾಕಿಸುವುದಾಗಿಯೂ ಹೇಳಿದಳು.

ಹೊರಟವಳು ಒಂದು ಗಳಿಗೆ ನಿಂತಳು. ಮೇಜಿನ ತುಂಬ ನೂರಾರು ನಾಣ್ಯಗಳು ಒಂದೊಂದೇ ಪ್ಲಾಸ್ಟಿಕ್ ಚೀಲದಲ್ಲಿ ಸಾಲಾಗಿ ಮಲಗಿದ್ದವು. ಅವಳು ಅವನ್ನು ಮರುಕದಿಂದ ನೋಡಿದಳು.

"ಪಾಪ, ಇವನ್ನ ಯಾರೂ ಹಾಕ್ಕೊಳ್ಳಂಗಿಲ್ಲೇನ್ರಿ?"