ಗೋಡೆಯ ಮೇಲೆ ಉಳಿದ ಹೆಸರು

ಮಧ್ಯಾಹ್ನ ಮೂರೂವರೆ. ಜಮ್ನಾಳನ್ನು ಐದರ ರೈಲಿಗೆ ಕರೆದೊಯ್ಯಲು ಬಂದಿದ್ದ ಗಂಡ ಮುಕನ್ ಜಗಲಿಯ ಮೇಲೆ ಕುಳಿತಿದ್ದ. ಜೈಸಲ್ಮೇರ್ ಕೋಟೆಯಲ್ಲಿ ಗೈಡ್ ಆಗಿದ್ದ ಅವಳ ಅಪ್ಪ ಗಿರಧರ ವ್ಯಾಸರು ಪ್ರವಾಸಿಗಳೊಂದಿಗೆ ಮನೆಯೆದುರು ನಿಂತಿದ್ದರು.

"ಗೋಡೇಲಿ ಗಣಪತಿ ಕೆಳಗೆ ಏನು ಬರ್ದಿದೆ?" ಪ್ರವಾಸಿ ಹೆಂಗಸು ಕೇಳಿದಳು.

"ಮಗಳ ಮದುವೆ ಕರೆಯೋಲೆ, ಬಾಯಿಸಾ. ಮನೇಲಿ ಇನ್ನೊಂದು ಮದುವೆ ಆಗೋವರೆಗೂ ಅಳಿಸೋ ಹಾಗಿಲ್ಲ."

"ಮಗಳು ಈಗ ಚೆನ್ನಾಗಿದ್ದಾಳಾ?"

ಮುಕನ್ ನಕ್ಕ. "ಹೇಳಿ ಮಾವ, ರಾಣಿ ಹಂಗೆ ಇಟ್ಕೊಂಡಿದೀನಿ ಅಂತ."

ಬಾಗಿಲ ಹಿಂದಿದ್ದ ಜಮ್ನಾ ಸುಟ್ಟ ಮುಂಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಬೆಳಿಗ್ಗೆ ಅಪ್ಪ ಅದನ್ನು ಕಂಡಿದ್ದರು. ಈಗ ಒಳಗೆ ಬಂದು, ಹಿತ್ತಿಲ ಗೋಡೆಗೆಂದು ಕಲೆಸಿಟ್ಟಿದ್ದ ಸುಣ್ಣವನ್ನೂ ಕುಂಚವನ್ನೂ ಎತ್ತಿಕೊಂಡು ಹೊರಗೆ ಹೋದರು. ಅವಳ ಹೆಸರನ್ನು ಹಾಗೇ ಬಿಟ್ಟು, ಪಕ್ಕದಲ್ಲಿದ್ದ ಮುಕನ್‌ನ ಹೆಸರಿನ ಮೇಲೆ ಮಾತ್ರ ಎರಡು ಸಲ ಸುಣ್ಣ ಬಳಿದರು.

ಐದರ ರೈಲಿಗೆ ಮುಕನ್ ಒಬ್ಬನೇ ಹತ್ತಿದ.